ಕಾರಿನ ಹೊಟ್ಟೆಯೊಳಗಿನ ಡಬ್ಬಿ

ಮುನೀಂದ್ರನಿಗೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಮಡಚಿ ಇನ್ನೊಂದನ್ನು ಬಾಗಿಲ ಕಡೆ ಚಾಚಿರುತ್ತಾನೆ. ಮುದ್ದೆ ಮುರಿಯುತ್ತಿರುವಾಗಲೇ ಎಡಗೈ ಜೇಬಿಗೆ ಹೋಗಿ ಕಾರಿನ ಕೀಲಿ ಇದೆಯೋ ಇಲ್ಲವೋ ಮುಟ್ಟಿ ನೋಡುತ್ತದೆ. ಮದುವೆಗೆ ಹೋದರೆ ಧಾರೆ ಮುಗಿಯುವಷ್ಟರಲ್ಲಿ ಛತ್ರದ ಹೊರಗೆ ನಿಂತು ಯಾರದೋ ಗಾಡಿಯ ಟೈರು ಒದ್ದು ನೋಡುತ್ತಿರುತ್ತಾನೆ. ಇವನನ್ನು ಹೆತ್ತವರು ತೊಟ್ಟಿಲಲ್ಲಿ ತೂಗಿದ್ದಲ್ಲ, ಗಣಿಯ ಕೇಜಿನಲ್ಲಿ ಹಾಕಿ ಮೇಲಕ್ಕೂ ಕೆಳಕ್ಕೂ ಎಳೆದಾಡಿ ಬೆಳೆಸಿದ್ದು ಎಂದು ಹೆಂಡತಿ ಅಂಬಿಕ ಬಂದವರ ಮುಂದೆಲ್ಲ ಹೇಳುತ್ತಾಳೆ.

ಕಾರಣ ಇಲ್ಲದೆ ಇಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರ ಜಗುಲಿಯ ಮೇಲೆ ಅವನಪ್ಪ ವೆಂಕಟರಾಮಪ್ಪ ಕೂತಿದ್ದಾನೆ. ಗಣಿ ಮುಚ್ಚಿದ ವರ್ಷ ಕೂತವನು ಇವತ್ತಿಗೂ ಎದ್ದಿಲ್ಲ.

ಕೂರುವ ಮುಂಚೆ ಅವನೂ ನಿಂತವನೇ. ಮುಚ್ಚುತ್ತಾರೆ ಎಂಬ ಸುದ್ದಿ ಬಂದಾಗ ಗೇಟಿನ ಮುಂದೆ ಬಾವುಟ ಹಿಡಿದು ನಿಂತ, ಹಳಿಯ ಮೇಲೆ ಮಲಗಿದ, ಲಾಠಿಯ ಏಟನ್ನೂ ತಿಂದ. ಮೀಸೆ ಮೂಡುತ್ತಿದ್ದ ಮುನೀಂದ್ರ ಅಪ್ಪನ ಹಿಂದೆ ಹಿಂದೆ ಧಿಕ್ಕಾರ ಕೂಗುತ್ತಾ ಓಡಾಡಿದ. ಕೂಗಿದವರ ಗಂಟಲು ಹರಿಯಿತು, ಗಣಿ ಮುಚ್ಚಿಯೇ ಮುಚ್ಚಿತು. ಗೆದ್ದ ಹೋರಾಟಕ್ಕೆ ಹಾಡು ಕಟ್ಟುತ್ತಾರೆ. ಸೋತವರು ಮನೆಗೆ ಹೋಗಿ ಜಗುಲಿಯ ಮೇಲೆ ಕೂರುತ್ತಾರೆ, ಅಷ್ಟೆ. ಮೊದಮೊದಲು ವೆಂಕಟರಾಮಪ್ಪ ಸಂಬಳ ಬರಬೇಕಾದ ದಿನ ಎದ್ದು ಶರ್ಟು ಹಾಕಿಕೊಳ್ಳುತ್ತಿದ್ದ. ಆಮೇಲೆ ಶರ್ಟೂ ಬೇಡವಾಯಿತು. ಕಲ್ಲಿನ ಧೂಳು ತುಂಬಿದ ಎದೆ, ಹಳೆಯ ಕುಕ್ಕರಿನ ಹಾಗೆ ಸುಯ್ಗುಡುತ್ತದೆ. ಎದುರಿಗೆ ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ಸೈಯನೈಡ್ ದಿಬ್ಬ, ಗಾಳಿ ಬಂದರೆ ಅದೂ ಪುಡಿ ಎರಚುತ್ತದೆ. ಈ ಮುದುಕ ಅದನ್ನು ನೋಡುತ್ತಾ, ಅದು ಇವನನ್ನು ನೋಡುತ್ತಾ, ಇಬ್ಬರೂ ಹಾಗೇ ಇದ್ದಾರೆ.

ಅದನ್ನು ನೋಡಿ ನೋಡಿ ಮುನೀಂದ್ರನಿಗೆ ಒಂದೇ ಭಯ ಹತ್ತಿತು. ಒಂದು ಸಲ ಕೂತರೆ ಮುಗಿಯಿತು. ಇವರ ವಂಶದಲ್ಲಿ ಕೂತ ಗಂಡಸು ಏಳುವುದಿಲ್ಲ.

ಅದಕ್ಕೇ ಕಾರು ಹಿಡಿದ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಏಳು ಸೀಟಿನ ಡೀಸೆಲ್ ಗಾಡಿ, ಹಳದಿ ಬೋರ್ಡು. ಬೆಳಗಿನ ಜಾವ ಊರಿಗಾಂ ದಾಟಿ ಕಾಮಸಮುದ್ರದ ಕಡೆ ಹೋಗಿ, ಅಲ್ಲಿನ ಹಳ್ಳಿಗಳ ಹೆಂಗಸರನ್ನು ತುಂಬಿಕೊಂಡು, ಬೆಂಗಳೂರಿನ ರೈಲಿಗೆ ಬಂಗಾರಪೇಟೆಗೆ ಬಿಡುವುದು. ಏಳು ಸೀಟು ಎನ್ನುವುದು ಕಂಪನಿಯ ಮಾತು, ಎಷ್ಟು ಜನ ಹಿಡಿಸುತ್ತಾರೆ ಎನ್ನುವುದು ಕಾಮಸಮುದ್ರದ ಮಾತು. ಗಾರ್ಮೆಂಟ್ಸಿಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಕಟ್ಟಡದ ಕೆಲಸಕ್ಕೆ ಹೋಗುವವರು. ಅವರಲ್ಲಿ ಅಶ್ವತ್ಥಮ್ಮ ಹಿರಿಯಳು. ಮಧ್ಯದ ಸೀಟಿನ ಎಡಗಡೆ ಕಿಟಕಿ ಅವಳದು, ಯಾರೂ ಅಲ್ಲಿ ಕೂರುವಂತಿಲ್ಲ. ರೈಲು ತಪ್ಪಿದರೆ ಅವರಿಗೆ ಆವತ್ತಿನ ಕೂಲಿ ತಪ್ಪುತ್ತದೆ. ಮುನೀಂದ್ರ ಇಷ್ಟು ವರ್ಷದಲ್ಲಿ ರೈಲು ತಪ್ಪಿಸಿದವನಲ್ಲ. ಕೂರಲಾಗದವನ ಪುಣ್ಯ ಅದು.

ಕಾರಿಗೆ ಕಾಯಿಲೆ ಬಂದದ್ದು ಎಫ್‌ಸಿ ಹತ್ತಿರ ಬಂದಾಗಲೇ. ಬಾಡಿಗೆಗೆ ಓಡುವ ಗಾಡಿಗಳನ್ನೆಲ್ಲ ಸರ್ಕಾರ ಕಾಲಕಾಲಕ್ಕೆ ಕರೆಸಿ, ಮೈಕೈ ಮುಟ್ಟಿ ನೋಡಿ, ಓಡಬಹುದು ಎಂದು ಬರೆದುಕೊಡುತ್ತದಲ್ಲ, ಅದೇ ಎಫ್‌ಸಿ. ಅದಾಗದಿದ್ದರೆ ಕಾರು ನಿಲ್ಲುತ್ತದೆ. ಕಾರು ನಿಂತರೆ ಮುನೀಂದ್ರ ಅಪ್ಪನ ಪಕ್ಕ ಜಗುಲಿಯ ಮೇಲೆ ಕೂರಬೇಕು. ಇತ್ತ ಬಂಗಾರಪೇಟೆ ಸ್ಟ್ಯಾಂಡಿನ ರಾಜ್‌ಕುಮಾರ್ ಇಂಥದ್ದೇ ಒಂದು ಗಾಡಿ ಇಟ್ಟುಕೊಂಡು, ಕಾಮಸಮುದ್ರದ ಹೆಂಗಸರು ಯಾವಾಗ ಕೈಗೆ ಸಿಗುತ್ತಾರೋ ಎಂದು ಬಾಯಿ ತೆರೆದುಕೊಂಡು ಕೂತಿದ್ದ.

ಪಿಕಪ್ ಸತ್ತುಹೋಗಿತ್ತು. ಏರು ಬಂದರೆ ಸಾಕು, ಎರಡನೇ ಗೇರಿನಲ್ಲಿ ಬಸುರಿಯ ಹಾಗೆ ಏದುಸಿರು ಬಿಡುತ್ತಿತ್ತು. ಇಳಿದು ತಳ್ಳೋಣವೇನಪ್ಪಾ ಎಂದು ಅಶ್ವತ್ಥಮ್ಮ ಕೇಳಿದ ದಿನವೇ ಮುನೀಂದ್ರ ಗಾಡಿಯನ್ನು ಆಂಡರ್ಸನ್‌ಪೇಟೆಯ ಸುಬ್ರಮಣಿಯ ಶೆಡ್ಡಿಗೆ ಬಿಟ್ಟ. ಸುಬ್ರಮಣಿ ಸೈಲೆನ್ಸರ್ ಕೆಲಸದವನು. ತಮಿಳಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವನು. ಕೆಳಗೆ ನುಸುಳಿ ನೋಡಿ ಬಂದವನೇ ಕೈ ಒರೆಸಿಕೊಳ್ಳುತ್ತಾ ರೋಗ ಹೇಳಿದ. ಇಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಒಂದು ಡಬ್ಬಿ ಇದೆ. ಅದರೊಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿನ ಒಂದು ಕಲ್ಲು. ಹೊಗೆ ಆ ತೂತುಗಳಲ್ಲಿ ಹಾದು ವಿಷ ಕಳೆದುಕೊಂಡು ಹೊರಗೆ ಬರಬೇಕು. ಕಲಬೆರಕೆ ಡೀಸೆಲ್ಲಿನ ಮಸಿ ಕಟ್ಟಿ ಕಟ್ಟಿ ತೂತೆಲ್ಲ ಮುಚ್ಚಿಹೋಗಿದೆ. ಗಾಡಿಗೆ ಉಸಿರು ಬಿಡಲು ಜಾಗವಿಲ್ಲ.

ಹೊಸದು ಹಾಕಿಸುವುದು ಮುನೀಂದ್ರನ ಕೈಯಲ್ಲಿ ಆಗುವ ಮಾತಾಗಿರಲಿಲ್ಲ. ಸ್ಟ್ಯಾಂಡಿನ ಗಾಡಿಗಳೆಲ್ಲ ಮಾಡಿಸಿದ್ದನ್ನೇ ಸುಬ್ರಮಣಿ ಹೇಳಿದ. ಡಬ್ಬಿ ಕತ್ತರಿಸಿ ತೆಗೆಯುವುದು, ಆ ಜಾಗಕ್ಕೆ ಒಂದು ನೇರ ಪೈಪು ಇಟ್ಟು ವೆಲ್ಡಿಂಗ್ ಹೊಡೆಯುವುದು.

"ಎಮಿಷನ್ ಫೇಲಾದ್ರೆ?" ಎಂದು ಮುನೀಂದ್ರ ಕೇಳಿದ.

"ಡೀಸೆಲ್ ಗಾಡೀಗೆ ಆ ಮಿಷನ್ನು ಕಪ್ಪು ಎಷ್ಟೈತೆ ಅಂತ ಅಷ್ಟೇ ನೋಡೋದು ಮಚ್ಚಾ. ಈ ಡಬ್ಬಿ ಇಡಿಯೋ ವಿಷಕ್ಕೆ ಬಣ್ಣಾನೇ ಇಲ್ಲ. ಬಣ್ಣ ಇಲ್ದೆ ಇರೋದು ಅದ್ರ ಕಣ್ಣಿಗೆ ಎಂಗೆ ಕಾಣ್ತದೆ?"

ಕಟ್ಟರು ಕಿಡಿ ಹಾರಿಸಿತು, ಡಬ್ಬಿ ಕೆಳಗೆ ಬಿತ್ತು. ಸುಬ್ರಮಣಿ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮುನೀಂದ್ರನ ಕೈಗೆ ಕೊಟ್ಟು, ಮಗುವನ್ನು ಕೊಟ್ಟ ಹಾಗೆ ಜೋಪಾನ ಹೇಳಿದ. ಹೊಸದಾಗಿ ಬಂದಿರುವ ಬ್ರೇಕ್ ಇನ್‌ಸ್ಪೆಕ್ಟರ್ ಹೆಣ್ಣುಮಗಳು, ಗಾಡಿ ನಿಲ್ಲಿಸುವ ಹಳ್ಳವಿದೆಯಲ್ಲ, ಆ ಪಿಟ್ಟಿಗೆ ಇಳಿದು ಗಾಡಿಯ ಹೊಟ್ಟೆ ನೋಡುತ್ತಾಳಂತೆ. ಎಫ್‌ಸಿಗೆ ಮುಂಚೆ ಇದನ್ನು ತಂದರೆ ಮತ್ತೆ ಕೂರಿಸುತ್ತೇನೆ, ಮುಗಿದ ಮೇಲೆ ಮತ್ತೆ ತೆಗೆಯುತ್ತೇನೆ, ಎಲ್ಲರೂ ಮಾಡುವುದು ಹಾಗೇ ಎಂದ. ಗುಜರಿಯವರು ಕೇಳಿದರೆ ಕೊಡಬೇಡ ಎಂದೂ ಹೇಳಿದ. ಒಳಗಿನ ಕಲ್ಲಿಗೆ ಪ್ಲಾಟಿನಂ ಸವರಿರುತ್ತಾರೆ, ಅವರು ಅದಕ್ಕಾಗಿ ಸಾಯುತ್ತಾರೆ.

ಕಾರು ಹಾರಿತು. ಏರಿನಲ್ಲೂ ಮೂರನೇ ಗೇರು. ಸ್ಟೇಷನ್ ಹತ್ತಿರ ಎಮಿಷನ್ ವ್ಯಾನಿನವನು ಹಿಂದಿನ ಕೊಳವೆಗೆ ಮೂಗು ತೂರಿಸಿ, ಆಕ್ಸಿಲರೇಟರ್ ಒತ್ತಿಸಿ, ನೋಡಿ ತಲೆದೂಗಿದ. ಹೋದ ಸಲಕ್ಕಿಂತ ಈ ಸಲ ಗಾಡಿ ಶುದ್ಧವಾಗಿದೆ ಎಂದು ಮಿಷನ್ನು ಹೇಳುತ್ತಿತ್ತು. ಕಳ್ಳನಿಗೆ ಸಿಕ್ಕಿದ ಒಳ್ಳೆಯ ನಡತೆಯ ಪತ್ರ.

ಹೆಂಗಸರು ಮಾತ್ರ ಒಪ್ಪಲಿಲ್ಲ. ಮೊದಲ ದಿನವೇ ಕಣ್ಣುರಿ ಎಂದರು. ಎರಡನೇ ದಿನ ಹಿಂದಿನ ಸೀಟಿನವಳೊಬ್ಬಳು ತಲೆ ಹಿಡಿದುಕೊಂಡು ಇಳಿದಳು. ಹಳೆ ಗಾಡಿ, ತಳದ ತಗಡಿನಲ್ಲಿ ತುಕ್ಕು ತಿಂದ ಸಂದುಗಳಿದ್ದವು, ವಾಸನೆ ಒಳಕ್ಕೇ ಬರುತ್ತಿತ್ತು. ಚಳಿಗೆ ಗ್ಲಾಸು ಏರಿಸಿದರೆ ಉಸಿರು ಕಟ್ಟುತ್ತದೆ, ಇಳಿಸಿದರೆ ಕಿವಿ ಸೆಟೆಯುತ್ತದೆ. ಮುನೀಂದ್ರ ಎಮಿಷನ್ ಚೀಟಿ ತೆಗೆದು ಅಶ್ವತ್ಥಮ್ಮನ ಮೂಗಿನ ಮುಂದೆ ಹಿಡಿದ. ಓದಲು ಬಾರದ ಅಶ್ವತ್ಥಮ್ಮ ಅದನ್ನು ಮೂಸಿ ನೋಡಿದಳು.

"ಇದೇನೋ ಘಮಘಮ ಅಂತೈತೆ," ಎಂದಳು. "ನಿನ್ ಕಾರೇ ನಾರೋದು."

ಕಾರೆಲ್ಲ ನಕ್ಕಿತು. ಮುನೀಂದ್ರನೂ ನಕ್ಕ. ಆದರೆ ಸ್ಟೇಷನ್ನಿನಲ್ಲಿ ಅವರು ಇಳಿದು ಹೋಗುವಾಗ ಎಷ್ಟು ಜನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದು ಕನ್ನಡಿಯಲ್ಲಿ ನೋಡಿದ. ನೋಡಬಾರದಿತ್ತು ಎನ್ನಿಸಿತು. ಎಫ್‌ಸಿ ಒಂದು ಮುಗಿಯಲಿ, ಆಮೇಲೆ ತಳದ ತಗಡು ಬಡಿಸೋಣ ಎಂದುಕೊಂಡು ಗಾಡಿ ತಿರುಗಿಸಿದ.

ಡಬ್ಬಿ ಮನೆಯಲ್ಲಿ ಮಂಚದ ಕೆಳಗಿತ್ತು. ಅಲ್ಲಿಯವರೆಗೆ ಎಲ್ಲ ಸರಿ. ಮುನೀಂದ್ರ ಮಾಡಿದ ತಪ್ಪು ಒಂದೇ. ಆ ಡಬ್ಬಿಯೊಳಗಿನ ಕಲ್ಲಿನಲ್ಲಿ ಚಿನ್ನಕ್ಕಿಂತ ದೊಡ್ಡದೊಂದು ಇದೆಯಂತೆ ಎಂದು ಊಟದ ಹೊತ್ತಿನಲ್ಲಿ, ಎದ್ದು ಹೋಗುವ ಅವಸರದಲ್ಲಿ, ಬಾಯಿಗೆ ಬಂದದ್ದು ಹೇಳಿಬಿಟ್ಟ. ಬೇರೆ ಊರಿನಲ್ಲಾಗಿದ್ದರೆ ಕೇಳಿದವರು ಹೌದಾ ಎಂದು ಸಾರು ಬಡಿಸಿಕೊಳ್ಳುತ್ತಿದ್ದರು. ಕೆಜಿಎಫ್‌ನಲ್ಲಿ ಕಲ್ಲಿನೊಳಗೆ ಏನೋ ಇದೆ ಎಂದು ಮುದುಕನೊಬ್ಬನ ಮುಂದೆ ಹೇಳಬಾರದು.

ಈ ಲೈನುಗಳಲ್ಲಿ ಅಮ್ಮಂದಿರಿಗೂ ಗೊತ್ತಿದ್ದ ವಿದ್ಯೆ ಒಂದಿತ್ತು. ಗಣಿಯೊಳಗಿನಿಂದ ಹೇಗೋ ಈಚೆ ಬಂದ ಒಂದು ಚೂರು ಕಲ್ಲನ್ನು ಕುಟ್ಟಬೇಕು, ಒರಳಲ್ಲಿ ಹಿಟ್ಟಿನ ಹಾಗೆ ಅರೆಯಬೇಕು, ಬೋಗುಣಿಯಲ್ಲಿ ನೀರು ಹಾಕಿ ತೊಳೆದು ತೊಳೆದು ಹಗುರಾದದ್ದನ್ನು ಚೆಲ್ಲಬೇಕು, ಉಳಿದದ್ದಕ್ಕೆ ಒಂದು ಹನಿ ಪಾದರಸ ಬಿಟ್ಟರೆ ಅದು ಓಡಾಡಿ ಚಿನ್ನವನ್ನು ಆಯ್ದುಕೊಂಡು ಬರುತ್ತದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಸಿಕ್ಕಿಬೀಳದವರ ಮನೆಯ ಹೆಣ್ಣುಮಕ್ಕಳಿಗೆ ಮೂಗುಬೊಟ್ಟು ಬರುತ್ತಿತ್ತು. ಗಣಿ ಮುಚ್ಚಿತು, ಒರಳು ಉಳಿಯಿತು. ವೆಂಕಟರಾಮಪ್ಪನ ಟ್ರಂಕಿನ ತಳದಲ್ಲಿ ಕಣ್ಣಿಗೆ ಬಿಡುವ ಔಷಧಿಯ ಹಳೆ ಸೀಸೆಯೊಳಗೆ ಪಾದರಸವೂ ಉಳಿದಿತ್ತು.

ಎಫ್‌ಸಿ ಇನ್ನೇನು ಬಂತು ಎನ್ನುವಾಗ ಮುನೀಂದ್ರ ಬೆಳಗಿನ ಟ್ರಿಪ್ಪು ಮುಗಿಸಿ, ಡಬ್ಬಿ ತೆಗೆದುಕೊಂಡು ಹೋಗಲು ಮನೆಗೆ ಬಂದ. ಜಗುಲಿ ಖಾಲಿ. ಇಷ್ಟು ವರ್ಷದಲ್ಲಿ ಖಾಲಿ ಜಗುಲಿ ನೋಡಿದವನಲ್ಲ. ಒಳಗೆ ಓಡಿದರೆ ಹಿತ್ತಲಲ್ಲಿ ಸದ್ದು. ಅಪ್ಪ ಒರಳಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬೋಗುಣಿ ತಿರುಗಿಸುತ್ತಿದ್ದ. ಮೊಣಕೈವರೆಗೆ ಬೂದು ಕೆಸರು. ಪಕ್ಕದಲ್ಲಿ ಡಬ್ಬಿ, ಉಳಿಯಲ್ಲಿ ಹೊಟ್ಟೆ ಸೀಳಿದ ಮೀನಿನ ಹಾಗೆ ಬಿದ್ದಿತ್ತು. ಒಳಗೆ ಒಂದು ಚೂರು ಕಲ್ಲೂ ಇರಲಿಲ್ಲ.

ಅಂಬಿಕ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ತಾನು ಬೇಡ ಎಂದದ್ದನ್ನು, ಕಾಲಿಗೆ ಬಿದ್ದದ್ದನ್ನು, ಮಾವ ಒರಳಿಗೆ ಅಡ್ಡ ಕೂತು ಕೆಮ್ಮುತ್ತಾ ಕುಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಇನ್ನು ಆ ಒರಳಲ್ಲಿ ತಾನು ಕಾರ ಅರೆಯುವುದಿಲ್ಲ ಎಂದೂ ಸೇರಿಸಿದಳು.

ಮುದುಕ ತಲೆ ಎತ್ತಲಿಲ್ಲ. ಅವನ ಮುಖದಲ್ಲಿ ಇದ್ದದ್ದು ನಾಚಿಕೆಯಲ್ಲ, ಗಲಿಬಿಲಿ. ಬೋಗುಣಿಯಲ್ಲಿ ಪಾದರಸ ಮಣಿಮಣಿಯಾಗಿ ಓಡಾಡುತ್ತಿತ್ತು, ಕೆಸರನ್ನು ಮುಟ್ಟಿ ಮುಟ್ಟಿ ಬಿಟ್ಟು ಬರುತ್ತಿತ್ತು.

"ಇಡೀತಿಲ್ಲ ಕಣ್ಲಾ," ಎಂದ. "ಎಷ್ಟ್ ತೊಳುದ್ರೂ ಇಡೀತಿಲ್ಲ."

ಪ್ಲಾಟಿನಂ ಪಾದರಸಕ್ಕೆ ಸಿಗುವ ಜಾತಿಯದಲ್ಲ, ಅದಕ್ಕೆ ದೊಡ್ಡ ದೊಡ್ಡ ಕುಲುಮೆ ಬೇಕು, ಆಸಿಡ್ ಬೇಕು ಎಂದು ಸುಬ್ರಮಣಿ ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದ. ಮುನೀಂದ್ರ ಆಗ ನಗುವ ಸ್ಥಿತಿಯಲ್ಲಿರಲಿಲ್ಲ. ಅಪ್ಪನ ಮೇಲೆ ಕೈಯೆತ್ತುವುದು ಒಂದು ಬಾಕಿ. ಕೆಸರನ್ನು ಒರಳಿನ ಸಮೇತ ಹಾಗೇ ಬಿಟ್ಟು, ಹಿತ್ತಲ ತುಂಬ ಸುತ್ತಿದ, ಬೀದಿಗೆ ಹೋದ, ಮತ್ತೆ ಬಂದ, ಡಬ್ಬಿ ಎತ್ತಿಕೊಂಡ.

ಖಾಲಿ ಡಬ್ಬಿಯ ಸೀಳಿಗೆ ಸುಬ್ರಮಣಿ ತಗಡು ಇಟ್ಟು ವೆಲ್ಡಿಂಗ್ ಹೊಡೆದ, ಉಜ್ಜಿದ, ಮಸಿ ಎಣ್ಣೆ ಬಳಿದ. ಗಾಡಿಯ ಕೆಳಗೆ ಅದರ ಜಾಗದಲ್ಲಿ ಕೂರಿಸಿದ ಮೇಲೆ ನೋಡಿದರೆ ಹೆತ್ತ ಕಂಪನಿಗೂ ಗೊತ್ತಾಗುವಂತಿರಲಿಲ್ಲ. ಒಳಗೆ ಏನಿದೆ ಎಂದು ಯಾರು ಬಗೆದು ನೋಡುತ್ತಾರೆ, ಮನುಷ್ಯರದನ್ನೇ ನೋಡುವುದಿಲ್ಲ ಎಂದ ಸುಬ್ರಮಣಿ.

ಎಫ್‌ಸಿಯ ದಿನ ವೆಂಕಟರಾಮಪ್ಪನೂ ಕಾರಿನಲ್ಲಿದ್ದ. ಆ ಕಲ್ಲಿನ ಪುಡಿ ಎದೆಗಿಳಿದಿತ್ತೋ, ಪಾದರಸದ ಗಾಳಿಯೋ, ಕುಟ್ಟಿದ ದಿನದಿಂದ ಕೆಮ್ಮು ಬಿಟ್ಟಿರಲಿಲ್ಲ. ಗಾಡಿ ತೋರಿಸಿ ಅಲ್ಲಿಂದ ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಂದು ಅಂಬಿಕ ಕಟ್ಟಪ್ಪಣೆ ಮಾಡಿದ್ದಳು. ಗ್ಲಾಸು ಇಳಿಸಿದ್ದರೂ ಮುದುಕ ದಾರಿಯುದ್ದಕ್ಕೂ ಮೂಗಿಗೆ ಟವೆಲ್ಲು ಒತ್ತಿಕೊಂಡೇ ಕೂತಿದ್ದ.

ಆರ್‌ಟಿಒ ಆಫೀಸಿನಲ್ಲಿ ಗಾಡಿಗಳ ಸಾಲು ಉದ್ದಕ್ಕಿತ್ತು. ಮುನೀಂದ್ರ ಮುಂದೆ ಹೋಗಿ ಹಿಂದೆ ಬಂದು, ಹಾರ್ನ್ ಒತ್ತಿ ನೋಡಿ, ವೈಪರ್ ಹಾಕಿ ನೋಡಿ, ಮುಂದಿನವನ ಇಂಡಿಕೇಟರಿನ ಬಗ್ಗೆ ಸಲಹೆ ಕೊಟ್ಟು ಬೈಸಿಕೊಂಡ. ಅಪ್ಪನನ್ನು ಇಳಿಸಿ, ಪಿಟ್ಟಿನ ಪಕ್ಕ ನೆರಳಲ್ಲಿದ್ದ ಒಂದು ಕಲ್ಲಿನ ಮೇಲೆ ಕೂರಿಸಿದ. ಅವನ ಸರದಿ ಬಂದಾಗ ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿದ. ಇನ್‌ಸ್ಪೆಕ್ಟರ್ ಆಶಾರಾಣಿ ಚಿಕ್ಕ ವಯಸ್ಸಿನವಳು, ಖಾಕಿ ಪ್ಯಾಂಟಿಗೆ ಆಯಿಲ್ ಕಲೆ, ಕೈಯಲ್ಲಿ ಟಾರ್ಚು ಮತ್ತು ಒಂದು ಗೇಣುದ್ದದ ಕಬ್ಬಿಣದ ರಾಡು. ದೀಪ, ಬ್ರೇಕು, ಹೊಗೆ ಎಲ್ಲ ನೋಡಿದಳು. ಹೊಗೆಯಲ್ಲಿ ಮತ್ತೆ ಒಳ್ಳೆಯ ಅಂಕ. ಅವಳು ಮೆಟ್ಟಿಲಿಳಿದು ಕಾರಿನ ಕೆಳಗೆ ಹೋದಳು.

ಚಾಸಿಗೆ ತುಕ್ಕು ಹಿಡಿದಿದೆಯೇ ಎಂದು ರಾಡಿನಿಂದ ತಟ್ಟುತ್ತಾ ಬಂದಳು. ಅಲ್ಲೊಂದು ಏಟು, ಇಲ್ಲೊಂದು ಏಟು. ಮುನೀಂದ್ರ ಹೊರಗೆ ನಿಂತು ಒಂದೊಂದು ಏಟಿಗೂ ಕಾಲು ಬದಲಾಯಿಸುತ್ತಿದ್ದ. ಹಾಗೇ ತಟ್ಟುತ್ತಾ ತಟ್ಟುತ್ತಾ ರಾಡು ಆ ಡಬ್ಬಿಗೂ ಒಂದು ಏಟು ಕೊಟ್ಟಿತು. ಅವಳಿಗೇನೂ ಅನ್ನಿಸಲಿಲ್ಲ, ಮುಂದಕ್ಕೆ ಹೋದಳು.

ಕಲ್ಲಿನ ಮೇಲೆ ಕೂತಿದ್ದ ವೆಂಕಟರಾಮಪ್ಪ ಎದ್ದು ನಿಂತ.

"ಟೊಳ್ಳೈತೆ," ಎಂದು ಕೂಗಿದ. "ಮೇಲೆ ಟೊಳ್ಳೈತೆ. ಈಚೆಗ್ ಬಾಮ್ಮಾ, ಈಚೆಗ್ ಬಾ."

ಕೆಮ್ಮಿ ಕೆಮ್ಮಿ ಸತ್ತುಹೋಗಿದ್ದ ಆ ಗಂಟಲಿನಲ್ಲಿ ಅಂಥ ಕೂಗು ಇನ್ನೂ ಉಳಿದಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ತಿರುಗಿದರು. ಆಶಾರಾಣಿ ಏನೋ ಬೀಳುತ್ತಿದೆ ಎಂದು ಎರಡೇ ಹೆಜ್ಜೆಯಲ್ಲಿ ಮೇಲೆ ಬಂದಳು.

ಗಣಿಯೊಳಗೆ ಶಿಫ್ಟು ಶುರುವಾಗುವ ಮುಂಚೆ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ. ಬಿಟ್ಟುಕೊಂಡ ಬಂಡೆ ತಮಟೆಯ ಹಾಗೆ. ತಮಟೆಯ ಸದ್ದು ಯಾರ ಕಿವಿಗೆ ಬಿದ್ದರೂ ಕೂಗಬೇಕು. ಮೇಸ್ತ್ರಿಯಾಗಲಿ, ನೀರು ಹೊರುವವನಾಗಲಿ, ಅವತ್ತೇ ಕೆಲಸಕ್ಕೆ ಸೇರಿದವನಾಗಲಿ. ಕೂಗಿದ್ದು ಸುಳ್ಳಾದರೆ ನಗುತ್ತಿದ್ದರು, ಅಷ್ಟೆ. ಕೇಳಿಯೂ ಕೂಗದವನ ಮನೆಯಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ವೆಂಕಟರಾಮಪ್ಪ ಆ ಕೆಲಸವನ್ನೇ ಮಾಡಿದವನು. ಕೆಳಗೆ ಒಂದು ಜೀವ, ಅದರ ತಲೆಯ ಮೇಲೆ ತಮಟೆಯ ಸದ್ದು. ಅವನು ಎಫ್‌ಸಿಯನ್ನಾಗಲಿ ಮಗನನ್ನಾಗಲಿ ನೆನೆಯಲಿಲ್ಲ, ಬಾಯಿ ತಾನಾಗಿ ತೆರೆಯಿತು.

ಆಶಾರಾಣಿಗೆ ಮೊದಲು ಅರ್ಥವಾಗಲಿಲ್ಲ. ಯಾವುದು ಟೊಳ್ಳು ತಾತಾ ಎಂದು ಕೇಳಿದಳು. ಮುದುಕ ಕೈ ತೋರಿಸಿದ. ಅವಳು ಮತ್ತೆ ಇಳಿದು ಡಬ್ಬಿಯನ್ನು ಮೂರು ಕಡೆ ತಟ್ಟಿದಳು, ಟಾರ್ಚು ಹಿಡಿದಳು, ಮಸಿ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ಕೆಳಗಿನ ಹೊಸ ವೆಲ್ಡಿಂಗ್ ನೋಡಿದಳು. ಮೇಲೆ ಬಂದು ಕೈ ಒರೆಸಿಕೊಂಡಳು.

"ತಾತ ಹೇಳಿದ್ದು ಸರಿ ಇದೆ ಕಣ್ರೀ. ಇದರೊಳಗಿಂದು ಎಲ್ಲಿ?"

ಮುನೀಂದ್ರನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ. ಒರಳಿನಲ್ಲಿದೆ ಮೇಡಂ ಎಂದ. ಸಾಲಿನಲ್ಲಿದ್ದವರು ಅದನ್ನೊಂದು ಜೋಕು ಎಂದುಕೊಂಡು ನಕ್ಕರು. ಅವಳು ನಗಲಿಲ್ಲ, ಬೈಯಲೂ ಇಲ್ಲ. ಒಳಗಿರಬೇಕಾದ್ದನ್ನು ಇಟ್ಟುಕೊಂಡು ಬನ್ನಿ, ಅಲ್ಲಿಯವರೆಗೆ ಈ ಗಾಡಿಯಲ್ಲಿ ಜನ ಹತ್ತಿಸಬೇಡಿ ಎಂದು ಹೇಳಿ ಮುಂದಿನ ಗಾಡಿಯನ್ನು ಕರೆದಳು. ಅದರ ಹಿಂದಿನದು ರಾಜ್‌ಕುಮಾರನದು. ಆವತ್ತು ಅವಳು ಎಲ್ಲರ ಡಬ್ಬಿಯನ್ನೂ ತಟ್ಟಿದಳೋ ಏನೋ, ಮುನೀಂದ್ರ ನಿಂತು ನೋಡಲಿಲ್ಲ. ರಾಜ್‌ಕುಮಾರ್ ಸಾಲು ಬಿಟ್ಟು ಹೋಗಿ ತನ್ನ ಡಬ್ಬಿಯೊಳಗೆ ತೆಂಗಿನ ನಾರೋ ಮರಳೋ ತುಂಬಿಸಿ ಪಾಸು ಮಾಡಿಸಿಕೊಂಡ, ಮನೆಗೆ ಹೋಗಿ ಸುರಿದುಬಿಟ್ಟ ಎಂದು ಆಮೇಲೆ ಸ್ಟ್ಯಾಂಡಿನಲ್ಲಿ ಸುದ್ದಿ.

ಆಸ್ಪತ್ರೆಯಿಂದ ಬರುವಾಗ ಮುನೀಂದ್ರ ತಡೆಯಲಾರದೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಾಕಿದ. ಇಳಿದು ಒಂದು ಸುತ್ತು ಹಾಕಿ ಅಪ್ಪನ ಕಿಟಕಿಗೆ ಬಂದು ನಿಂತ.

"ಕಲ್ಲು ಅರ್ದಿದ್ದೂ ನೀನೇ, ಕೂಗಿ ಇಡ್ದು ಕೊಟ್ಟಿದ್ದೂ ನೀನೇ. ಬಾಯ್ ಮುಚ್ಕೊಂಡು ಕೂತಿರಕ್ಕೆ ಆಗ್ಲಿಲ್ವಾ ನಿಂಗೆ?"

ಮುದುಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಬಾಯ್ ಮುಚ್ಕೊಂಡಿದ್ದೋರೆಲ್ಲ ಇನ್ನೂ ಕೆಳಗೇ ಅವ್ರೆ ಕಣ್ಲಾ," ಎಂದ. "ಮೇಲಕ್ಕೆ ಬಂದಿಲ್ಲ."

ಮುನೀಂದ್ರನ ಸಿಟ್ಟು ಇಳಿಯಲಿಲ್ಲ. ಅಪ್ಪನನ್ನು ಮನೆಯ ಮುಂದೆ ಇಳಿಸಿ, ಗಾಡಿಗೆ ಬೀಗ ಹಾಕಿದ.

ಕಾರು ನಿಂತಿತು. ಮಾರನೇ ದಿನದಿಂದಲೇ ಕಾಮಸಮುದ್ರದ ಹೆಂಗಸರು ರಾಜ್‌ಕುಮಾರನ ಗಾಡಿ ಹತ್ತಿದರು. ಅವರನ್ನು ಅನ್ನುವಂತಿಲ್ಲ, ರೈಲು ಮುನೀಂದ್ರನಿಗಾಗಿ ಕಾಯುತ್ತದೆಯೇ? ಮುನೀಂದ್ರ ಬೆಳಗಿನ ಜಾವ ಅಭ್ಯಾಸಬಲದಿಂದ ಏಳುತ್ತಿದ್ದ, ಕೀಲಿ ಜೇಬಿಗೆ ಹಾಕಿಕೊಳ್ಳುತ್ತಿದ್ದ, ನಿಂತ ಕಾರನ್ನು ಒರೆಸುತ್ತಿದ್ದ. ಮನೆಯೊಳಗೆ ಅಡ್ಡಾಡಿ ಅಂಬಿಕಳ ಕಾಲಿಗೆ ಸಿಕ್ಕುತ್ತಿದ್ದ. ಒಂದು ಮಧ್ಯಾಹ್ನ ಅವಳು ಬೀದಿಯ ನಲ್ಲಿಯಿಂದ ಬರುವಾಗ ಗಂಡ ಜಗುಲಿಯ ಮೇಲೆ, ಮಾವನ ಪಕ್ಕದಲ್ಲಿ, ಎರಡೂ ಕಾಲು ಮಡಚಿ ಕೂತಿದ್ದ. ಇಬ್ಬರೂ ದಿಬ್ಬವನ್ನು ನೋಡುತ್ತಿದ್ದರು. ಅವಳು ಕೊಡ ಇಳಿಸಲೂ ಇಲ್ಲ.

"ಏಳಯ್ಯಾ," ಎಂದಳು. "ಒಬ್ರು ಸಾಕು ಈ ಮನೇಗೆ. ಎದ್ದು ಎಲ್ಲಿಗಾದ್ರೂ ಓಗು."

ಅವನು ಗಾಬರಿಬಿದ್ದು ಎದ್ದ. ತಾನು ಯಾವಾಗ ಕೂತೆ ಎಂದು ಅವನಿಗೇ ಗೊತ್ತಿರಲಿಲ್ಲ. ನಡೆದೇ ಆಂಡರ್ಸನ್‌ಪೇಟೆಗೆ ಹೋದ. ಸುಬ್ರಮಣಿಯ ಶೆಡ್ಡಿನಲ್ಲಿ ನೆಲ ಗುಡಿಸಿದ, ಸ್ಪ್ಯಾನರ್ ಎತ್ತಿಕೊಟ್ಟ, ಹಳೆ ಗಾಡಿ ಬಿಚ್ಚುವವರ ಹತ್ತಿರಕ್ಕೆಲ್ಲ ಓಡಾಡಿದ. ವಿ.ಕೋಟ ರಸ್ತೆಯಲ್ಲಿ ಲಾರಿಗೆ ಗುದ್ದಿ ಮೂತಿ ಒಡೆದುಕೊಂಡಿದ್ದ ಇಂಥದ್ದೇ ಒಂದು ಗಾಡಿಯ ಡಬ್ಬಿ ಕೊನೆಗೆ ಸಿಕ್ಕಿತು, ಒಳಗಿನ ಕಲ್ಲು ಬಿರುಕಿಲ್ಲದೆ ಇತ್ತು. ಶೆಡ್ಡಿನಲ್ಲಿ ದುಡಿದೇ ಅದನ್ನು ತೀರಿಸುವುದು ಎಂದು ಮಾತಾಯಿತು. ಕೂರಿಸುವ ಮುಂಚೆ ಮುನೀಂದ್ರ ಅದನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದ. ಬಲಿತ ಕುಂಬಳಕಾಯಿ ತಟ್ಟಿದ ಹಾಗೆ, ದಪ್ಪ ಸದ್ದು. ಆಶಾರಾಣಿಯೂ ತಟ್ಟಿದಳು. ಎಫ್‌ಸಿ ಆಯಿತು.

ಆದರೆ ಅಷ್ಟರಲ್ಲಿ ಹೆಂಗಸರು ರಾಜ್‌ಕುಮಾರನಿಗೆ ಒಗ್ಗಿಹೋಗಿದ್ದರು. ಮುನೀಂದ್ರ ಬಿಡಿಬಿಡಿ ಜನರನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ಓಡಾಡತೊಡಗಿದ. ಅವನಿಗೊಂದು ಹೊಸ ಚಟ ಅಂಟಿತ್ತು. ಬಾಗಿಲ ಸಂದಿನಲ್ಲಿ ಒಂದು ರಾಡು ಇಟ್ಟುಕೊಂಡು, ಕಂಡದ್ದನ್ನೆಲ್ಲ ತಟ್ಟುತ್ತಿದ್ದ. ಟೈರು, ಗ್ಯಾಸ್ ಸಿಲಿಂಡರು, ಬಸ್ ನಿಲ್ದಾಣದ ಕಂಬ. ಸ್ಟ್ಯಾಂಡಿನಲ್ಲಿ ನಿಂತ ಗಾಡಿಗಳ ಕೆಳಗೂ ಬಗ್ಗಿ ತಟ್ಟಿ ನೋಡಿದ. ಬಹುಪಾಲು ಗಾಡಿಗಳು ತಮಟೆಯೇ. ಮತ್ತೊಬ್ಬನ ಗಾಡಿಯ ಬಗ್ಗೆ ಬಾಯಿ ಬಿಡಬಾರದು ಎನ್ನುವುದು ಸ್ಟ್ಯಾಂಡಿನ ಕಟ್ಟಳೆ. ಮುನೀಂದ್ರ ಬಾಯಿ ಬಿಡಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗಾಗ ಕೆಮ್ಮುತ್ತಿದ್ದ. ಅಪ್ಪನ ಕೆಮ್ಮು ನಿನಗೂ ಬಂತೇನಯ್ಯಾ ಎಂದು ಅಂಬಿಕ ಕೇಳಿದಳು.

ಮಾಗಿಯ ಒಂದು ಬೆಳಗ್ಗೆ ಬಂಗಾರಪೇಟೆಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಮಂಜು ಎಷ್ಟಿತ್ತೆಂದರೆ ಹಳಿಯೇ ಕಾಣುತ್ತಿರಲಿಲ್ಲ. ಮುನೀಂದ್ರನ ಮುಂದೆ ರಾಜ್‌ಕುಮಾರನ ಗಾಡಿ, ಇಂಜಿನ್ ಉರಿಯುತ್ತಿತ್ತು. ಚಳಿಗೆ ಗ್ಲಾಸೆಲ್ಲ ಏರಿಸಿದ್ದರು. ಒಳಗೆ ಅಶ್ವತ್ಥಮ್ಮ ತನ್ನ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಉಳಿದವರದೂ ಅದೇ ಭಂಗಿ. ನಿದ್ದೆಯೋ ತಲೆ ಭಾರವೋ ಹೊರಗಿನಿಂದ ಹೇಳುವಂತಿರಲಿಲ್ಲ.

ಮುನೀಂದ್ರನಿಗೆ ಕೂರಲಾಗಲಿಲ್ಲ. ರಾಡು ಹಿಡಿದು ಇಳಿದ. ಮುಂದಿನ ಗಾಡಿಯ ಕೆಳಗೆ ಬಗ್ಗಿ ಒಂದು ಏಟು ತಟ್ಟಿದ. ಸದ್ದು ಅವನಿಗೆ ಮೊದಲೇ ಗೊತ್ತಿತ್ತು. ಎದ್ದು ನಿಂತು ಮಂಜಿನಲ್ಲಿ ಗೇಟಿನವರೆಗೆ ಹೋದ, ವಾಪಸು ಬಂದ, ಮತ್ತೆ ಹೋದ. ಆಮೇಲೆ ಎಡಗಡೆ ಕಿಟಕಿಗೆ ಬಂದು ಗ್ಲಾಸು ಬಡಿದ.

"ಅಶ್ವತ್ಥಕ್ಕಾ. ಗ್ಲಾಸ್ ಇಳಿಸ್ಕೋ. ಇದು ಟೊಳ್ಳು."

ರಾಜ್‌ಕುಮಾರ್ ತಲೆ ಹೊರಗೆ ಹಾಕಿದ. "ಲೇ, ನಿನ್ ಗಾಡಿ ನೀನ್ ನೋಡ್ಕೊಂಡು ಓಗ್ಲಾ. ಯಾಕ್ಲಾ, ಒಟ್ಟೆಕಿಚ್ಚಾ?"

"ಊಂ ಕಣ್ಲಾ, ಒಟ್ಟೆಕಿಚ್ಚೇ," ಎಂದ ಮುನೀಂದ್ರ. "ಆದ್ರೂ ಟೊಳ್ಳೇ."

ಅಶ್ವತ್ಥಮ್ಮ ಕಣ್ಣು ತೆರೆದು ಒಮ್ಮೆ ಅವನನ್ನು, ಒಮ್ಮೆ ರಾಜ್‌ಕುಮಾರನ ಬೆನ್ನನ್ನು ನೋಡಿದಳು. ಸೆರಗನ್ನು ತಲೆಗೆ ಬಿಗಿದುಕೊಂಡು ಗ್ಲಾಸು ಇಳಿಸಿದಳು. ಹಿಂದಿನ ಸೀಟಿನವರೂ ಒಬ್ಬೊಬ್ಬರಾಗಿ ಇಳಿಸಿದರು, ಮಂಜು ಒಳಕ್ಕೆ ನುಗ್ಗಿತು, ಯಾರೋ ಸೀನಿದರು. ಯಾರೂ ಇಳಿದು ಮುನೀಂದ್ರನ ಕಾರಿಗೆ ಬರಲಿಲ್ಲ.

ಗೂಡ್ಸ್ ರೈಲೊಂದು ಹಾದುಹೋಯಿತು, ಗೇಟು ಎದ್ದಿತು. ರಾಜ್‌ಕುಮಾರ್ ಬೈದುಕೊಂಡೇ ಗಾಡಿ ಕಿತ್ತ. ಇನ್ನು ಸ್ಟ್ಯಾಂಡಿನಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂದು ಮುನೀಂದ್ರನಿಗೆ ಗೊತ್ತಿತ್ತು. ಅಲ್ಲಿಗೇ ಹೋಗಬೇಕಿತ್ತು ಕೂಡ. ಹಿಂದಿನ ಗಾಡಿಗಳು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದವು. ಅವನು ಹತ್ತುವ ಮುಂಚೆ ತನ್ನ ಕಾರಿನ ಕೆಳಗೂ ಒಮ್ಮೆ ಬಗ್ಗಿ ತಟ್ಟಿ, ಸದ್ದು ಕೇಳಿಸಿಕೊಂಡು, ಕೀಲಿ ತಿರುಗಿಸಿದ.